ಬ್ರಾಂದಿ ಬಾಟಲಿಯ ಶೇಂಗಾ ಎಣ್ಣೆ

ನಮ್ಮವ್ವನಿಗೆ ಖಾಲಿ ಬಾಟಲಿಯ ಹುಚ್ಚು. ಚಳ್ಳಕೆರೆಯ ನಮ್ಮ ಅಡುಗೆಮನೆಯ ಹಲಗೆ ಮೇಲೆ ಕಾಫಿಪುಡಿ ಬಾಟಲಿಯಲ್ಲಿ ಸಾಸಿವೆ, ಟಾನಿಕ್ಕಿನದರಲ್ಲಿ ಜೀರಿಗೆ, ಚಪ್ಪಟೆ ಬ್ರಾಂದಿ ಬಾಟಲಿಗಳಲ್ಲಿ ಶೇಂಗಾ ಎಣ್ಣೆ. ಅಪ್ಪ ಬೀಡಿಯನ್ನೂ ಮುಟ್ಟಿದವನಲ್ಲ. ಅವ್ವ ಗುಜರಿಯವನಿಗೆ ಹಳೇ ಕಬ್ಬಿಣ ಕೊಟ್ಟು ಆ ಬಾಟಲಿ ತರುತ್ತಿದ್ದಳು, ಬೂದಿ ಹಾಕಿ ತಿಕ್ಕಿ ಬಿಸಿಲಿಗಿಡುತ್ತಿದ್ದಳು. ಬಾಯಿ ಸಣ್ಣದು, ಎಣ್ಣೆ ದಂಡವಾಗುವುದಿಲ್ಲ ಎನ್ನುವುದು ಅವಳ ವಾದ. ಮೇಲಿನ ಚೀಟಿ ಮಾತ್ರ ಪೂರ್ತಿ ಕೀಳುತ್ತಿರಲಿಲ್ಲ. ನಾನು ಹೇಳಿ ಹೇಳಿ ಸುಸ್ತಾಗಿದ್ದೆ.

ತೊಂಬತ್ತರ ದಶಕದ ಕೊನೆಗೆ ಬಿ.ಜಿ. ಕೆರೆಯಿಂದ ನನ್ನನ್ನು ನೋಡಲು ಬಂದರು. ಹುಡುಗ ನನಗೆ ಹಿಡಿಸಿದ್ದ. ಏನು ಓದಿದ್ದೀ ಎಂದು ಅಪ್ಪನನ್ನಲ್ಲ, ನನ್ನನ್ನೇ ಕೇಳಿದ್ದ. ಹೆಣ್ಣು ನೋಡಲು ಬಂದ ಹೆಂಗಸರು ನೀರಿನ ನೆವದಲ್ಲಿ ಅಡುಗೆಮನೆ ನೋಡಿಯೇ ಹೋಗುವುದು ನಮ್ಮ ಕಡೆಯ ರೂಢಿ. ಹುಡುಗನ ಸೋದರತ್ತೆ ಒಳಗೆ ಬಂದವರು ಹಲಗೆಯ ಮುಂದೆಯೇ ನಿಂತರು.

"ಇವೇನ್ರೀ?"

"ಶೇಂಗಾ ಎಣ್ಣೆ ಕಣ್ರೀ. ನಮ್ಮನೇಲಿ ಯಾರೂ ಕುಡಿಯಲ್ಲ. ಬೇಕಾದ್ರೆ ಮೂಸಿ ನೋಡ್ರಿ." ಅವ್ವ ಮುಚ್ಚಳ ತೆಗೆದೇಬಿಟ್ಟಳು.

ಆಕೆ ಮೂಸಲಿಲ್ಲ. "ಈಗ ಎಣ್ಣೆ ಐತೆ. ಮೊದ್ಲು ಇದ್ದಿದ್ದನ್ನ ಯಾರ್ ಖಾಲಿ ಮಾಡಿದ್ರೋ" ಎಂದವರು ನೀರನ್ನೂ ಕುಡಿಯದೆ ಹೊರಟರು.

ಆಮೇಲೆ ಸಂಬಂಧ ಬೇಡವೆಂದು ಹೇಳಿ ಕಳಿಸಿದರು. ನನಗೆ ಹೊಟ್ಟೆ ಉರಿದುಹೋಯಿತು.

"ನಿನ್ ಬಾಟ್ಲಿ ಹಾಳಾಗ್ಲಿ ಕಣವ್ವ" ಎಂದೆ.

"ಚೆನ್ನಾಗೇ ತೊಳ್ದಿದ್ನಲ್ಲೇ" ಎಂದಳು. ಆ ಸೋದರತ್ತೆ ಒಂದು ಸಲ ಮೂಸಿದ್ದರೆ ಸಾಕಿತ್ತು ಎಂದು ಇವತ್ತಿಗೂ ಸಿಟ್ಟು ಬರುತ್ತದೆ.

ಮುಂದಿನ ಸಲ ಮೊಳಕಾಲ್ಮೂರಿನವರು ಬರುವ ಮೊದಲೇ ಅವ್ವ ಬಾಟಲಿಗಳನ್ನೆಲ್ಲ ಗುಜರಿಗೆ ಹಾಕಿ, ಪಕ್ಕದ ಮನೆಯ ಸ್ಟೀಲ್ ಡಬ್ಬಿ ಇಸಕೊಂಡು ಜೋಡಿಸಿದಳು. ಅವರು ಒಪ್ಪಿದರು. ನಾವು ಮನೆ ನೋಡಲು ಹೋದಾಗ ಅವರ ಅಡುಗೆಮನೆಯಲ್ಲೂ ಬರೀ ಸ್ಟೀಲು, ಒಂದೂ ಬಾಟಲಿ ಇರಲಿಲ್ಲ. ಅವ್ವ ಅದನ್ನು ಊರೆಲ್ಲ ಹೇಳಿಕೊಂಡು ಬಂದಳು.

ಮದುವೆಯಾದ ಮೇಲೆ ಮೊದಲ ಸಲ ನನ್ನ ಗಂಡನ ಮನೆಗೆ ಬಂದ ಅವ್ವ ಊಟ ಮಾಡಿ ಕೈ ತೊಳೆಯಲು ಹಿತ್ತಲಿಗೆ ಹೋದಳು. ಹಿಂದೆಯೇ ನಾನು ಚೆಂಬು ಹಿಡಿದು ಹೋದೆ. ಸೌದೆ ಒಟ್ಟಿದ ಕಡೆ ಬಗ್ಗಿ ಒಂದು ಚಪ್ಪಟೆ ಬಾಟಲಿ ಎತ್ತಿಕೊಂಡಿದ್ದಳು.

"ಮುಚ್ಳನೂ ಐತೆ ನೋಡೇ, ಎಣ್ಣೆಗೆ ಆಗ್ತೈತೆ."

ಸೌದೆಯ ಹಿಂದೆ ಅಂಥವೇ ರಾಶಿ ಬಿದ್ದಿದ್ದವು. ಅವಳು ಅವನ್ನು ಕಂಡಳು. ಕೈಯಲ್ಲಿದ್ದುದರ ಮುಚ್ಚಳ ತೆಗೆದು ಮೂಸಿದಳು. ನನ್ನ ಮುಖ ನೋಡಿದಳು. ಬಾಟಲಿಯನ್ನು ಎಲ್ಲಿತ್ತೋ ಅಲ್ಲೇ ಇಟ್ಟು, ನೀರು ಹಾಕು ಎಂದು ಕೈ ಚಾಚಿದಳು.