ಹದ ಕಳೆದ ಕತ್ತಿಗಳು

ಇದನ್ನು ಬರೆಯುವುದನ್ನು ಎಷ್ಟೋ ವರ್ಷಗಳಿಂದ ಮುಂದೂಡುತ್ತಲೇ ಬಂದೆ. ಮೊನ್ನೆ ಪಕ್ಕದ ಹೊಲದಲ್ಲಿ ಆಲೂಗಡ್ಡೆಯ ಒಣ ಗಿಡಗಳನ್ನು ಸುಡುತ್ತಿದ್ದರು. ಯಾರೋ ಮರೆತುಬಿಟ್ಟ ಗುದ್ದಲಿಯೊಂದು ಅದರೊಳಗೆ ಕಾದು, ಬಿಸಿ ಕಬ್ಬಿಣದ ವಾಸನೆ ಬಂತು. ಅಲ್ಲಿ ನಿಲ್ಲಲಾಗದೆ ಮನೆಗೆ ಬಂದುಬಿಟ್ಟೆ...

ನೀಲಗಿರಿಯ ನಂಜನಾಡಿನ ಬಳಿಯ ನಮ್ಮ ಹಟ್ಟಿಗೆ ಕತ್ತಿ, ಕುಡುಗೋಲು ಮಾಡಿಕೊಡುತ್ತಿದ್ದವರು ಕೋತ ಕುಲದ ಒಬ್ಬ ಕಮ್ಮಾರರು. ಅವರ ತಂದೆ ನನ್ನ ಅಜ್ಜನಿಗೆ ಮಾಡಿಕೊಟ್ಟವರು. ಪ್ರತಿ ಸುಗ್ಗಿಯಲ್ಲಿ ನಮ್ಮ ಸಾಮೆಯಲ್ಲೊಂದು ಪಾಲು ಅವರ ಮನೆಗೆ ಹೋಗುತ್ತಿತ್ತು. ಸವೆದ ಕತ್ತಿಯನ್ನು ಯಾರೂ ಎಸೆಯುತ್ತಿರಲಿಲ್ಲ. ಹಳೆಯ ಕಬ್ಬಿಣಕ್ಕೇ ಹೊಸ ಉಕ್ಕಿನ ಬಾಯಿ ಕೂಡಿಸಿ, ಕಾಸಿ, ಬಾಯಿ ಗಡುಸಾಗಲೆಂದು ಥಟ್ಟನೆ ನೀರಿಗದ್ದಿ, ಅಂದರೆ ನೀರು ಕುಡಿಸಿ ಕೊಡುತ್ತಿದ್ದರು. ಕತ್ತಿಯ ಬುಡದಲ್ಲಿ ಉಳಿಯಿಂದ ಹೊಡೆದ ಎರಡು ಗೆರೆ ಅವರ ಮನೆಯ ಗುರುತು.

ನಾನು ಊಟಿಯಲ್ಲಿ ಹೈಸ್ಕೂಲು ಮುಗಿಸಿ ಬಂದ ವರ್ಷ ಅಜ್ಜ ತೀರಿಕೊಂಡರು. ಅಟ್ಟದಲ್ಲಿ ಅವರ ಹತ್ಯಾರುಗಳ ಗಂಟು ಸಿಕ್ಕಿತು. ತುಕ್ಕು ಹಿಡಿದು ಯಾವುದು ಏನೆಂದೇ ತಿಳಿಯುತ್ತಿರಲಿಲ್ಲ. ಅಜ್ಜಿ ಒಂದೊಂದನ್ನೂ ಮುಟ್ಟಿ ಹೇಳಿದರು: ಇದು ಪೊದೆ ಸವರೋದು, ಇದು ಸಾಮೆ ಕೊಯ್ಯೋದು, ಇದು ಬಿದಿರು ಸೀಳೋದು... "ಕಮ್ಮಾರನ ಕೈಗೆ ಕೊಡು ಮಗಾ," ಎಂದರು.

ಕೊಡಲಿಲ್ಲ. ಓದಿದವನಿಗೆ ಇದೇನು ಮಹಾ ಎಂದುಕೊಂಡು, ಹಿತ್ತಲಿನಲ್ಲಿ ಬೆರಣಿ ಒಟ್ಟಿ ಎಲ್ಲವನ್ನೂ ಕೆಂಪಗೆ ಕಾಸಿದೆ. ಬೂದಿಯಲ್ಲೇ ತಣಿಯಲು ಬಿಟ್ಟು, ಇಟ್ಟಿಗೆ ಪುಡಿಯಿಂದ ಉಜ್ಜಿದೆ. ಥಳಥಳ ಹೊಳೆದವು. ನೋಡಿದವರು ತಮ್ಮ ಮನೆಯ ಕತ್ತಿಗಳನ್ನೂ ತಂದುಕೊಟ್ಟರು. ಹೇಗೆ ಮಾಡಿದೆನೆಂದು ಯಾರಿಗೂ ಹೇಳದೆ ಅವನ್ನೂ ಸುಟ್ಟೆ.

ಆ ಸಲ ಪೊದೆ ಸವರಲು ಹೋದಾಗ ಎಲ್ಲರ ಕತ್ತಿಯ ಬಾಯಿಯೂ ಮಡಚಿಕೊಂಡಿತು. ಎರಡು ಗೆರೆ ನೋಡಿ ಕಮ್ಮಾರರನ್ನು ಕರೆಸಿದರು. ಹಟ್ಟಿಯ ಹಿರಿಯರಾಗಿದ್ದ ನನ್ನ ದೊಡ್ಡಪ್ಪ ಒಂದು ಕತ್ತಿಯನ್ನು ಅವರ ಮುಂದೆ ಎಸೆದು, "ಏನಪ್ಪಾ, ಇದರಲ್ಲಿ ಬೆಣ್ಣೆನಾದ್ರೂ ಕೊಯ್ಯಬಹುದೋ?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅವರು ಅರದಿಂದ ಕತ್ತಿಯ ಬಾಯಿಯನ್ನು ಗೀರಿ ನೋಡಿದರು. ಉಜ್ಜಿಕೊಟ್ಟವನು ನಾನೆಂದು ಕೇಳಿ ತಿಳಿದು, ನನ್ನ ಕಡೆ ತಿರುಗಿ, "ಗೌಡ್ರೇ, ಇದನ್ನ ಬೆಂಕಿಗೆ ಹಾಕಿದ್ರಾ? ಹಾಕಿದ್ರೆ ಹದ ಹೋಗಿರುತ್ತೆ, ಹೇಳಿ. ಮತ್ತೆ ನೀರು ಕುಡಿಸಿ ಕೊಡ್ತೀನಿ," ಎಂದರು.

"ಇಲ್ಲ, ಬರೀ ಉಜ್ಜಿದೆ," ಎಂದೆ.

ಅವರು ಕತ್ತಿಯನ್ನು ಮೆಲ್ಲಗೆ ನೆಲದ ಮೇಲಿಟ್ಟು ಹೊರಟುಹೋದರು. ಕೆಟ್ಟ ಉಕ್ಕು ಹಾಕಿ ಮೋಸ ಮಾಡಿದರೆಂದು ಹಟ್ಟಿ ತೀರ್ಮಾನಿಸಿತು. ಅಂದಿನಿಂದ ನಮ್ಮ ಹತ್ಯಾರು ಊಟಿಯ ಬಜಾರಿನಿಂದ ಬಂತು. ಸಾಮೆ ಅವರ ಮನೆಗೆ ಹೋಗಲಿಲ್ಲ. ಅಕ್ಕಪಕ್ಕದ ಹಟ್ಟಿಗಳೂ ಅವರನ್ನು ಬಿಟ್ಟವು. ಕುಲುಮೆ ಆರಿತು. ಅವರು ಎಸ್ಟೇಟಿನ ರಸ್ತೆಗೆ ಜಲ್ಲಿ ಒಡೆಯಲು ಹೋಗಿ, ಅಲ್ಲೇ ಚಳಿಜ್ವರದಲ್ಲಿ ತೀರಿಕೊಂಡರಂತೆ... ಸುದ್ದಿ ಬಂದಾಗಲೂ ನಾನು ಬಾಯಿ ಬಿಡಲಿಲ್ಲ.

ಈಗ ದೊಡ್ಡಪ್ಪನಿಲ್ಲ, ಅಂದು ನಕ್ಕವರಲ್ಲಿ ಯಾರೂ ಉಳಿದಿಲ್ಲ. ನಿಜ ಹೇಳಿದರೂ ಆ ತೀರ್ಮಾನವನ್ನು ಹಿಂದಕ್ಕೆ ಪಡೆಯುವವರಿಲ್ಲ. ಕಮ್ಮಾರರ ಮಗನನ್ನು ಹುಡುಕಿಸಿದೆ. ಕೂನೂರಿನ ಕಡೆ ಹೋದನೆಂದರು, ಅದಕ್ಕಿಂತ ಹೆಚ್ಚು ಯಾರಿಗೂ ತಿಳಿಯದು. ತಪ್ಪಾಯಿತು ಎಂಬ ಒಂದು ಮಾತು ಸಲ್ಲಬೇಕಾಗಿದ್ದುದು ಒಬ್ಬರಿಗೆ, ನಮ್ಮ ಮನೆಯ ಕಮ್ಮಾರರಿಗೆ.