ತಳದಲ್ಲಿ ಉಳಿಸಿದ ಎಣ್ಣೆ

ಮೂಡಲಗಿಯ ಕಾಳಿನ ವ್ಯಾಪಾರಿ ರಾಚಪ್ಪ ಕಣಜವನ್ನಾಗಲಿ ಎಣ್ಣೆ ಡಬ್ಬಿಯನ್ನಾಗಲಿ ಎಂದೂ ಪೂರಾ ಬರಿದು ಮಾಡಿದವನಲ್ಲ. ತಳದಲ್ಲಿ ಇಷ್ಟಾದರೂ ಉಳಿಯಬೇಕು, ಪೂರಾ ಬರಿದಾದರೆ ಅಶುಭ. ಅಜ್ಜ, ಅಪ್ಪ ಹಾಗೇ ನಡೆಸಿದ್ದರು. ಅವನ ಮೂವತ್ತು ವರ್ಷದ ಬಿಳಿ ಕಾರಿಗೆ ಮಾತ್ರ ಈ ಪದ್ಧತಿ ಗೊತ್ತಿರಲಿಲ್ಲ.

ಹುಕ್ಕೇರಿಗೆ ಕೊಟ್ಟ ಮಗಳು ಶೋಭಾ ಚೊಚ್ಚಲ ಬಸುರಿ. ಸುಡುವ ಬೇಸಿಗೆ. ತಮ್ಮ ಎಸಿ ಕಾರಿನಲ್ಲೇ ತವರಿಗೆ ಬಿಡುತ್ತೇವೆಂದು ಬೀಗ ಸಾತಪ್ಪ ಫೋನು ಮಾಡಿದ.

"ಯಾಕ್ರಿ ಬೀಗರ, ನಮ್ಮನ್ಯಾಗ ಗಾಡಿ ಇಲ್ಲೇನು? ಎಸಿ ಮಾಡಿಸ್ಕೊಂಡ ನಾನ ಬರ್ತೇನ್ರಿ," ಎಂದುಬಿಟ್ಟ ರಾಚಪ್ಪ.

ಗೋಕಾಕದ ಎಸಿ ಮೆಕ್ಯಾನಿಕ್ ಭೀಮೇಶ ಬಾನೆಟ್ ಎತ್ತಿ ನೋಡಿದ. "ಕಾಕಾ, ಇದರ ಹಳೇ ಗ್ಯಾಸ್ ಈಗ ಸಿಗೂದಿಲ್ರಿ. ಹೊಸಾ ಗ್ಯಾಸಿಗೆ ಬದಲಿ ಮಾಡ್ಬೇಕು. ಅದಕ್ಕ ಬ್ಯಾರೇ ಎಣ್ಣಿ. ಕಂಪ್ರೆಸರಿನ್ಯಾಗ ಹಳೇದು ಒಂದ್ ಹನಿ ಉಳೀಬಾರದು."

"ಒಂದ್ ಹನೀನೂ?"

"ಒಂದ್ ಹನೀನೂ."

ಕಂಪ್ರೆಸರ್ ಬಿಚ್ಚಿ, ಕಪ್ಪುಗಟ್ಟಿದ ಎಣ್ಣೆಯನ್ನು ಡಬ್ಬಿಗೆ ಬಸಿದು, ಒಳಗೆಲ್ಲ ತೊಳೆದಿಟ್ಟು ಭೀಮೇಶ ಚಹಾಕ್ಕೆ ಹೋದ. ಬರಿದಾದ ಕಂಪ್ರೆಸರನ್ನು ನೋಡುತ್ತ ಕೂತ ರಾಚಪ್ಪನಿಗೆ ಸಂಕಟ ಶುರುವಾಯಿತು. ಬಸುರಿ ಮಗಳು ಕೂರುವ ಗಾಡಿ. ಅತ್ತಿತ್ತ ನೋಡಿ, ಡಬ್ಬಿಯಿಂದ ಅರ್ಧ ಬಟ್ಟಲು ಎಣ್ಣೆಯನ್ನು ಮತ್ತೆ ಒಳಗೆ ಸುರಿದ. ಭೀಮೇಶ ಬಂದು ಅದರ ಮೇಲೇ ಹೊಸ ಎಣ್ಣೆ, ಗ್ಯಾಸು ತುಂಬಿ ಕೊಟ್ಟ.

ಮರುದಿನ ಹುಕ್ಕೇರಿಗೆ ಹೊರಟಾಗ ಎಸಿ ತಣ್ಣಗೇ ಇತ್ತು. ಘೋಡಗೇರಿ ಹತ್ತಿರ ಬಾನೆಟ್ಟಿನೊಳಗೆ ಕರಕರ ಸದ್ದು, ಬೆಲ್ಟ್ ಸುಟ್ಟ ವಾಸನೆ. ಕಂಪ್ರೆಸರ್ ಬಿಗಿದುಕೊಂಡಿತು, ಗಾಡಿ ನಿಂತಿತು. ಗಾಲಿಗೆ ಒದ್ದು ಕಾಲು ನೋಯಿಸಿಕೊಂಡ ಮೇಲೆ ಬೀಗನಿಗೆ ಫೋನು ಮಾಡದೆ ಬೇರೆ ದಾರಿ ಇರಲಿಲ್ಲ.

ತಾಸಿನೊಳಗೆ ಬೀಗನ ಕಾರು ಬಂದು ಬಾಜೂಕ್ಕೆ ನಿಂತಿತು. ಒಳಗೆ ಶೋಭಾ ಶಾಲು ಹೊದ್ದು ಕೂತಿದ್ದಳು. ಸಾತಪ್ಪ ಗಾಜು ಇಳಿಸಿದ. "ಏನ್ರಿ ಬೀಗರ, ಹೊರಗ ಭಾಳ ತಂಪೈತೇನು?"

"ಅಪ್ಪಾ, ಒಳಗ ಬಾ," ಅಂದಳು ಮಗಳು.

"ನೀವು ನಡೀರಿ. ಗಾಡಿ ಕಾಯಾಕ ಒಬ್ರು ಬೇಕಲ್ಲ," ಅಂದ ರಾಚಪ್ಪ. ಕದಿಯುವವನು ಆ ಗಾಡಿಯನ್ನು ತಳ್ಳಿಕೊಂಡೇ ಹೋಗಬೇಕಿತ್ತು.

ಗೋಕಾಕಕ್ಕೆ ಎಳೆಸಿ ತಂದ ಗಾಡಿಯ ಕಂಪ್ರೆಸರ್ ಮತ್ತೆ ಬಿಚ್ಚಿದಾಗ ಭೀಮೇಶ ಬೆರಳಿಗೆ ಹತ್ತಿದ ಕಪ್ಪು ನೋಡಿದ, ಕಾಕಾನ ಮುಖ ನೋಡಿದ.

"ಇದು ಹೋತ್ರಿ. ಬ್ಯಾರೇದು ಹುಡುಕಬೇಕು."

"ಹುಡುಕು. ಹೆರಿಗಿ ಆದ ಮ್ಯಾಲ ಮಗಳನ್ನ, ಕೂಸನ್ನ ಹುಕ್ಕೇರಿಗೆ ಕರ್ಕೊಂಡ ಹೋಗೂದರಾಗ ಆಗ್ಬೇಕು."

"ಆಗತೈತ್ರಿ. ಆದ್ರ ಈ ಸಲ ಎಣ್ಣಿ ಬಸಿದ ಮ್ಯಾಲ ನಾ ಚಹಾಕ್ಕ ಹೋಗೂ ಮುಂದ ನೀವೂ ನನ್ನ ಜೋಡಿ ಬರ್ಬೇಕು."