ಅಂಬರಾಯ ಸರಿಸಿದ ಗೋಡೆ

ಚಿತ್ತಾಪುರದ ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಅಂಬರಾಯ ಅಟೆಂಡರ್. ಕಾಗಿಣಾ ನದಿ ದಂಡೆಯ ಮನುಷ್ಯ. ಬಲೆ ಹೆಣೆದ ಮನೆತನದ ಕೈ, ಒಂದಿಷ್ಟೂ ನಡುಗದು. ಪ್ರಮಿತಾ ಮೇಡಂ ತಮ್ಮ ಪಿಎಚ್‌ಡಿ ಪ್ರಯೋಗಕ್ಕೆ ಆ ಕೈಯನ್ನೇ ನಂಬಿದ್ದರು.

ಗಾಜಿನ ಚೂರಿನ ಮೇಲೆ ಕೂದಲಿಗಿಂತ ಸಣ್ಣ ನಿಕ್ಕಲ್-ಕಬ್ಬಿಣದ ತಂತಿ. ಆ ಗಾಜನ್ನು ಸೂಕ್ಷ್ಮದರ್ಶಕದ ಕೆಳಗೆ ಕದಲದಂತೆ ಹಿಡಿಯುವುದು ಅಂಬರಾಯನ ಕೆಲಸ. ತಂತಿಯ ಕಾಂತತ್ವ ಒಂದು ಕಡೆ ಕಪ್ಪಗೆ, ಇನ್ನೊಂದು ಕಡೆ ಬೆಳ್ಳಗೆ ಕಾಣುತ್ತದೆ. ನಡುವಿನ ಗಡಿಗೆ ಗೋಡೆ ಎನ್ನುತ್ತಾರೆ. ಪಕ್ಕದ ಸುರುಳಿಗೆ ಕರೆಂಟು ಬಿಟ್ಟರೆ ಗೋಡೆ ಸರಿಯಬೇಕು. ಇದೋ, ಕರೆಂಟು ಬಿಡುವ ಮೊದಲೇ ಸರಿಯತೊಡಗಿತು! ಮೇಡಂ ಹಿರಿಹಿರಿ ಹಿಗ್ಗಿದರು.

"ಹೊಸಾದೇನೋ ಸಿಕ್ಕದ ಅಂಬರಾಯ! ಶುಕ್ರವಾರ ಗೈಡ್ ಸರ್ ಬರ್ಲಿಕತ್ತಾರ, ತೋರಸಮು."

ಗುರುವಾರ ಕಾಗದ ಜೋಡಿಸುವಾಗ ಗುಂಡುಪಿನ್ನೊಂದು ಅಂಬರಾಯನ ಉಂಗುರಕ್ಕೆ ಅಂಟಿಕೊಂಡಿತು. ಸಾಡೇಸಾತಿ ಶನಿ ಕಾಡಿದಾಗ ತಾಯಿ ಹೀರಾಬಾಯಿ ತೊಡಿಸಿದ ಕುದುರೆ ಲಾಳದ ಉಂಗುರ ಅದು. ಬೀಗದ ಕೈ, ಬೆಲ್ಟು, ಮೊಬೈಲು ಎಲ್ಲ ಹೊರಗಿಟ್ಟೇ ಒಳಗೆ ಬರುವ ನೇಮವಿತ್ತು. ಉಂಗುರವನ್ನು ಮಾತ್ರ ಯಾರೂ ಕಬ್ಬಿಣವೆಂದು ಎಣಿಸಿರಲಿಲ್ಲ. ಅದು ಶನಿದೇವರದ್ದಲ್ಲವೇ! ಪ್ರಯೋಗಾಲಯದ ಆಯಸ್ಕಾಂತಗಳ ನಡುವೆ ಓಡಾಡಿ ಅದೂ ಕಾಂತವಾಗಿತ್ತು; ಗಾಜು ಹಿಡಿಯುವುದೂ ಅದೇ ಕೈ.

ಗೋಡೆ ಸರಿಸಿದ್ದು ಈ ಉಂಗುರವೇ ಎಂದು ಅವನಿಗೆ ಹೊಳೆಯಿತು. ಹೇಳಿದರೆ ಮೇಡಂ ಸಂತೋಷ ನೀರುಪಾಲು, ತನ್ನ ಹೆಸರೂ ಕೆಡುತ್ತದೆ. ನಾವು ನೀವಾಗಿದ್ದರೆ ಪಿನ್ನು ಕಿತ್ತು ಜೇಬಿಗಿಳಿಸಿ ಚಹಾಕ್ಕೆ ಹೋಗುತ್ತಿದ್ದೆವು. ಅಂಬರಾಯ ಸೋಪು ಹಚ್ಚಿ, ಬೆರಳಗಿಣ್ಣು ತರಚಿದರೂ ಬಿಡದೆ, ಉಂಗುರ ಕಳಚಿದ.

"ಮೇಡಂ, ಗ್ವಾಡಿ ಸರಿಸಿದಾಂವ ನಾನೇರಿ. ತಪ್ಪಾಗ್ಯಾದ."

ಮೇಡಂ ಪರೀಕ್ಷಿಸಿದರು. ಉಂಗುರ ದೂರವಿದ್ದರೆ ಗೋಡೆ ಕಲ್ಲಿನಂತೆ ನಿಂತಿತ್ತು. ಹತ್ತಿರ ತಂದರೆ ಸರಿಯಿತು. ಬರೆದಿದ್ದ ಹನ್ನೊಂದು ಪುಟಗಳಿಗೆ ಅಡ್ಡಗೆರೆ ಎಳೆದರು.

"ಸುಮ್ನ ಇದ್ದಿದ್ರ ಯಾರಿಗಿ ಗೊತ್ತಾಗ್ತಿತ್ತು?"

"ನಾಳಿ ಸರ್ ತಮ್ಮ ಕೈಲೆ ಗಾಜು ಹಿಡದ್ರ ಗ್ವಾಡಿ ಸರೀತಿದ್ದಿಲ್ರಿ. ಎಲ್ಲರ ಮುಂದ ನೀವು ಸುಳ್ಳಾಗ್ತಿದ್ರಿ."

ಶುಕ್ರವಾರ ಮೇಡಂ ಗೈಡ್ ಮುಂದೆ ನಡೆದದ್ದನ್ನೆಲ್ಲ ಹೇಳಿದರು. "ಹೊಸಾದೇನಿಲ್ಲ ಸರ್. ಆದ್ರ ಈಗ ಬರದದ್ದು ಖರೇ ಅದ, ಇವರಿಂದ." ಆಮೇಲೆ ತಮ್ಮ ಕುರ್ಚಿ ಬಿಟ್ಟೆದ್ದರು. "ಬರ್ರಿ ಅಂಬರಾಯ, ಕುಂದ್ರಿ."

ಒಂಬತ್ತು ವರ್ಷ ಆ ಮಸೂರ ಒರೆಸಿದವನು ಒಮ್ಮೆಯೂ ಅದರಲ್ಲಿ ಕಣ್ಣಿಟ್ಟಿರಲಿಲ್ಲ. ಗಾಜನ್ನು ಮೇಡಂ ತಾವೇ ಹಿಡಿದರು, ಸ್ವಿಚ್ಚು ಗೈಡ್ ಸರ್ ಒತ್ತಿದರು. ಕಪ್ಪು ಮೆಲ್ಲಗೆ ಬಿಳಿಯ ಮೇಲೆ ನಡೆದುಹೋಯಿತು.

"ಯವ್ವಾ, ಖರೇನೇ ನಡೀಲಿಕತ್ತದಲ್ರಿ!"

ಇನ್ನೊಮ್ಮೆ ತೋರಿಸಲು ಮೇಡಂ ಕೇಳಬೇಕಾಗಲಿಲ್ಲ. ಗೈಡ್ ಸರ್ ತಾವಾಗಿಯೇ ಸ್ವಿಚ್ಚು ಒತ್ತಿದರು.